ಹೊಸ ಕಾರಿಗೆ ಪಿಪಿಎಫ್ ಹಾಕಿಸಬೇಕಾ? ಶೋರೂಮಿನಲ್ಲಿ 'ಹೂಂ' ಅನ್ನುವ ಮುನ್ನ ಇದನ್ನೊಮ್ಮೆ ಓದಿ

ಕಳೆದ ತಿಂಗಳು ಒಂದು ಸಂಜೆ ಪುಣೆಯಿಂದ ಕಾಕಾ ಫೋನ್ ಮಾಡಿದ್ದರು. ಹೊಸ ಕಾರಿನ ಡೆಲಿವರಿಗೆ ಇನ್ನು ನಾಲ್ಕೇ ದಿನ ಬಾಕಿ ಇತ್ತು. "ಶೋರೂಮಿನವ್ರು ಪಿಪಿಎಫ್ ಹಾಕಿಸ್ರಿ ಅಂತ ಗಂಟು ಬಿದ್ದಾರ. ಎಪ್ಪತ್ತೈದು ಸಾವಿರ ಅಂತ. ಬ್ಯಾಡ ಅಂದ್ರ, ಲೋನ್‌ನ್ಯಾಗ ಸೇರಿಸ್ತೀವಿ, ತಿಂಗಳಿಗೆ ಸಾವಿರ ಚಿಲ್ರೆ ಅಷ್ಟ ಅಂತಾರ. ಏನದು? ಹಾಕಿಸೂದು ಛಲೋನೋ, ಬ್ಯಾಡೋ?"

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ... ಯಾವ ಊರಿನಲ್ಲಿ ಹೊಸ ಕಾರು ಕೊಂಡರೂ ಈಗ ಈ ಪ್ರಶ್ನೆ ಎದುರಾಗುತ್ತದೆ. ವಿಮೆ, ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ ಜೊತೆಗೆ ಪಿಪಿಎಫ್ ಕೂಡ ಪಟ್ಟಿಯಲ್ಲಿ ಸೇರಿಕೊಂಡಿದೆ. ಮೊತ್ತ ಸಣ್ಣದಲ್ಲ. ಆದರೆ ಅದು ಏನು, ಏನನ್ನು ಕಾಪಾಡುತ್ತದೆ, ಏನನ್ನು ಕಾಪಾಡುವುದಿಲ್ಲ ಎಂಬುದು ಗೊತ್ತಿಲ್ಲದೆಯೇ ಹಲವರು ಒಪ್ಪಿಬಿಡುತ್ತಾರೆ. ಹಾಗಾದರೆ ಏನಿದು ಪಿಪಿಎಫ್? ನಿಮ್ಮ ಕಾರಿಗೆ ಬೇಕಾ, ಬೇಡವಾ? ಇಲ್ಲಿದೆ ವಿವರ.

ಏನಿದು ಪಿಪಿಎಫ್?

ಪಿಪಿಎಫ್ ಎಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ಕಾರಿನ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಪದರ. ಹೊಸ ಮೊಬೈಲ್‌ಗೆ ಸ್ಕ್ರೀನ್ ಗಾರ್ಡ್ ಹಾಕಿಸುತ್ತೇವಲ್ಲ, ಕೆಲಸ ಹೆಚ್ಚುಕಡಿಮೆ ಅದೇ. ಏಟು ಬಿದ್ದರೆ ಫಿಲ್ಮ್ ತಿನ್ನುತ್ತದೆ, ಕೆಳಗಿನ ಬಣ್ಣ ಉಳಿಯುತ್ತದೆ. ಹಾಳಾದಾಗ ಕಿತ್ತು ಹೊಸದನ್ನು ಹಾಕಿಸಬಹುದು.

ಒಳ್ಳೆಯ ಫಿಲ್ಮ್‌ಗಳನ್ನು ಟಿಪಿಯು, ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಎಂಬ ವಸ್ತುವಿನಿಂದ ತಯಾರಿಸುತ್ತಾರೆ. ಇದು ರಬ್ಬರಿನಂತೆ ಹಿಗ್ಗುತ್ತದೆ, ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿಯೂ ಇರುತ್ತದೆ. ಒಂದು ಹಾಳೆಯಲ್ಲಿ ಮುಖ್ಯವಾಗಿ ಮೂರು ಪದರಗಳಿರುತ್ತವೆ. ಕೆಳಗೆ ಅಂಟು, ನಡುವೆ ಟಿಪಿಯು, ಮೇಲೆ ಹೊಳಪು ಕೊಡುವ, ಕಲೆ ತಡೆಯುವ ತೆಳು ಲೇಪ.

ಯುದ್ಧದ ಹೆಲಿಕಾಪ್ಟರ್‌ನಿಂದ ಬಂದ ಫಿಲ್ಮ್

ಈ ಫಿಲ್ಮ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1960ರ ದಶಕದ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ ಒಂದು ತಲೆನೋವಿತ್ತು. ಮರಳು, ಕಲ್ಲಿನ ಚೂರುಗಳು ತಾಗಿ ಹೆಲಿಕಾಪ್ಟರ್‌ಗಳ ರೆಕ್ಕೆಯ ಅಂಚು ಸವೆಯುತ್ತಿತ್ತು. ಅದಕ್ಕೆ ಪರಿಹಾರವಾಗಿ 3ಎಂ ಕಂಪನಿ ಪಾಲಿಯುರೆಥೇನ್ ಫಿಲ್ಮ್ ಒದಗಿಸಿತು. ಅಲ್ಲಿಂದ ಅದು ರೇಸ್ ಕಾರುಗಳಿಗೆ, ನಂತರ ದುಬಾರಿ ಕಾರುಗಳಿಗೆ, ಈಗ ನಮ್ಮ ಹತ್ತು ಲಕ್ಷದ ಕಾರುಗಳಿಗೂ ಬಂದಿದೆ.

ಇವತ್ತು 3ಎಂ, ಎಕ್ಸ್‌ಪೆಲ್, ಲುಮಾರ್, ಸನ್‌ಟೆಕ್‌ನಂತಹ ವಿದೇಶಿ ಬ್ರ್ಯಾಂಡ್‌ಗಳ ಜೊತೆಗೆ ಮಹಾರಾಷ್ಟ್ರದಲ್ಲಿ ಕಾರ್ಖಾನೆ ಹೊಂದಿರುವ ಗರ್‌ವಾರೆ ಕೂಡ ಈ ಫಿಲ್ಮ್ ತಯಾರಿಸುತ್ತಿದೆ. ಇವಲ್ಲದೆ ಹೆಸರೇ ಕೇಳದ ಹತ್ತಾರು ಬ್ರ್ಯಾಂಡ್‌ಗಳೂ ಮಾರುಕಟ್ಟೆಯಲ್ಲಿವೆ.

ಕಾರಿನ ಬಣ್ಣ ಎಷ್ಟು ದಪ್ಪ ಇರುತ್ತೆ?

ಪಿಪಿಎಫ್ ಬೇಕಾ ಎಂದು ತೀರ್ಮಾನಿಸುವ ಮೊದಲು ಅದು ಕಾಯುವ ವಸ್ತುವನ್ನು ತಿಳಿದುಕೊಳ್ಳಬೇಕು. ಲೋಹದ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಇವೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ. ಅಂದರೆ ಒಂದು ಮಿಲಿಮೀಟರ್‌ನ ಆರನೇ ಒಂದು ಭಾಗದಷ್ಟೂ ದಪ್ಪ ಬರುವುದು ಕಷ್ಟ. ಇದರಲ್ಲಿ ಹೊಳಪು ಕೊಡುವ, ಬಿಸಿಲನ್ನು ತಡೆಯುವ ಕ್ಲಿಯರ್ ಕೋಟ್‌ನ ಪಾಲು ಸುಮಾರು 40ರಿಂದ 50 ಮೈಕ್ರಾನ್.

ಪಿಪಿಎಫ್ ದಪ್ಪವನ್ನು 'ಮಿಲ್' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿಲ್ ಎಂದರೆ 25.4 ಮೈಕ್ರಾನ್. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 6ರಿಂದ 8 ಮಿಲ್, ಅಂದರೆ ಸುಮಾರು 150ರಿಂದ 200 ಮೈಕ್ರಾನ್ ಫಿಲ್ಮ್. ಹೆಚ್ಚುಕಡಿಮೆ ಇಡೀ ಬಣ್ಣದಷ್ಟೇ ದಪ್ಪದ ಇನ್ನೊಂದು ಪದರ ಹೊದಿಸಿದಂತೆ.

ಕಂಪನಿಯಿಂದ ಬಂದ ಬಣ್ಣಕ್ಕೆ ಬೆಲೆ ಯಾಕೆ ಎಂಬುದಕ್ಕೂ ಕಾರಣವಿದೆ. ಕಾರ್ಖಾನೆಯಲ್ಲಿ ಖಾಲಿ ಬಾಡಿಗೆ ಬಣ್ಣ ಹೊಡೆದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನಲ್ಲಿ ವೈರಿಂಗ್, ಪ್ಲಾಸ್ಟಿಕ್, ರಬ್ಬರ್ ಎಲ್ಲ ಇರುವ ಪೂರ್ತಿ ಕಾರನ್ನು ಅಷ್ಟು ಬಿಸಿ ಮಾಡಲಾಗದು. ಅಲ್ಲಿ ಬೂತ್‌ನ ಶಾಖ 60 ಡಿಗ್ರಿ ಆಸುಪಾಸು. ಅದಕ್ಕೆ ಬೇರೆ ಬಗೆಯ ಬಣ್ಣವನ್ನೇ ಬಳಸುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮೀಟರ್ ಹಿಡಿದು ಬಣ್ಣದ ದಪ್ಪ ಅಳೆಯುವುದು ಇದೇ ಕಾರಣಕ್ಕೆ. ದಪ್ಪ ಹೆಚ್ಚಿದ್ದರೆ ರೀಪೇಂಟ್ ಆಗಿದೆ ಎಂದು ಅರ್ಥ.

ಏನು ತಡೆಯುತ್ತೆ?

* ಕಲ್ಲೇಟು: ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಸಣ್ಣ ಕಲ್ಲುಗಳು ಬಾನೆಟ್, ಬಂಪರ್, ಕನ್ನಡಿಗೆ ತಾಗುತ್ತವೆ. ಈ ಹೊಡೆತವನ್ನು ಹೀರಿಕೊಳ್ಳುವುದೇ ಪಿಪಿಎಫ್‌ನ ಮುಖ್ಯ ಕೆಲಸ.
* ಸಣ್ಣ ಗೀರು: ಪಾರ್ಕಿಂಗ್‌ನಲ್ಲಿ ಬ್ಯಾಗ್, ಬೈಕ್ ಹ್ಯಾಂಡಲ್ ತಾಗಿ ಆಗುವ ಮೇಲ್ಮೈ ಗೀರು, ಬಾಗಿಲಿನ ಹಿಡಿಯ ಹಿಂದೆ ಬೀಳುವ ಉಗುರಿನ ಗೆರೆಗಳು.
* ಧೂಳು ಒರೆಸಿದ ಗುರುತು: ಬಿಸಿಲಿನಲ್ಲಿ ನೋಡಿದರೆ ಜೇಡರ ಬಲೆಯಂತೆ ಕಾಣುವ ಸುತ್ತುಗೆರೆಗಳು.
* ಹಕ್ಕಿ ಹಿಕ್ಕೆ, ಮರದ ಅಂಟು, ಕೀಟಗಳ ಕಲೆ: ಇವು ನೇರವಾಗಿ ಬಣ್ಣವನ್ನು ತಿನ್ನುವುದಿಲ್ಲ. ಆದರೆ ಬಹಳ ದಿನ ಬಿಟ್ಟರೆ ಫಿಲ್ಮ್ ಮೇಲೇ ಕಲೆ ಉಳಿಯುತ್ತದೆ.
* ಬಿಸಿಲು: ಅತಿನೇರಳೆ ಕಿರಣದಿಂದ ಬಣ್ಣ ಮಾಸುವುದು ಕಡಿಮೆಯಾಗುತ್ತದೆ. ಈಗಿನ ಹೆಡ್‌ಲೈಟ್‌ಗಳು ಗಾಜಿನವಲ್ಲ, ಪ್ಲಾಸ್ಟಿಕ್‌ನವು. ಅವು ಹಳದಿಯಾಗುವುದನ್ನೂ ಇದು ತಡ ಮಾಡುತ್ತದೆ.

ಮುಂಬೈ, ಚೆನ್ನೈನಂತಹ ಕಡಲ ಊರುಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಕಲ್ಲೇಟು ಬಣ್ಣದ ಎಲ್ಲ ಪದರ ದಾಟಿ ಲೋಹ ಮುಟ್ಟಿದರೆ ಉಪ್ಪಿನ ಗಾಳಿಗೆ ಅಲ್ಲಿ ತುಕ್ಕು ಬೇಗ ಶುರುವಾಗುತ್ತದೆ. ಇದು ಬಾನೆಟ್, ಬಾಗಿಲಿನಂತಹ ಲೋಹದ ಭಾಗಗಳ ಮಾತು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ.

ಏನು ತಡೆಯಲ್ಲ?

ಸೇಲ್ಸ್ ಮಾತಿನಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಭಾಗ ಇದು. ಪಿಪಿಎಫ್ ತಗ್ಗುವುದನ್ನು, ಅಂದರೆ ಡೆಂಟ್ ಅನ್ನು ತಡೆಯುವುದಿಲ್ಲ. ಆಟೋ ಬಂದು ಗುದ್ದಿದರೆ ತಗ್ಗು ತಗ್ಗೇ. ಯಾರಾದರೂ ಕೀಲಿಯಿಂದ ಒತ್ತಿ ಗೀಚಿದರೆ ಫಿಲ್ಮ್ ಹರಿದು ಬಣ್ಣಕ್ಕೂ ಗಾಯವಾಗಬಹುದು. ಕಂಬಕ್ಕೆ ಉಜ್ಜಿಕೊಂಡು ಹೋದರೆ ಫಿಲ್ಮ್ ಕಿತ್ತು ಬರುತ್ತದೆ. ಕಾರು ತೊಳೆಯುವ ಕೆಲಸವೂ ತಪ್ಪುವುದಿಲ್ಲ.

ಗೀರು ತಾನಾಗಿಯೇ ಮಾಯವಾಗುತ್ತಾ?

'ಸೆಲ್ಫ್ ಹೀಲಿಂಗ್' ಎನ್ನುವುದು ಸುಳ್ಳಲ್ಲ, ಆದರೆ ಅದಕ್ಕೆ ಮಿತಿ ಇದೆ. ಫಿಲ್ಮ್‌ನ ಮೇಲಿನ ಲೇಪಕ್ಕೆ ಶಾಖ ಸಿಕ್ಕಾಗ ತನ್ನ ಮೊದಲಿನ ಆಕಾರಕ್ಕೆ ಮರಳುವ ಗುಣವಿದೆ. ಹಾಗಾಗಿ ಬಿಸಿಲಿಗೆ ನಿಲ್ಲಿಸಿದಾಗ ಅಥವಾ ಬಿಸಿನೀರು ಸುರಿದಾಗ ಒರೆಸುವ ಬಟ್ಟೆಯ ತೆಳು ಗೆರೆಗಳು ಮಾಯವಾಗುತ್ತವೆ. ಆದರೆ ಮೇಲಿನ ಲೇಪವನ್ನು ದಾಟಿ ಫಿಲ್ಮ್ ಒಳಗೆ ಇಳಿದ ಗೀರು ಕೂಡಿಕೊಳ್ಳುವುದಿಲ್ಲ. ಅಂತಹ ಕಡೆ ಆ ಭಾಗದ ಹಾಳೆಯನ್ನೇ ಬದಲಿಸಬೇಕು. ಅಂಗಡಿಯಲ್ಲಿ ತಂತಿಯ ಬ್ರಷ್‌ನಿಂದ ಗೀಚಿ, ಬಿಸಿನೀರು ಸುರಿದು ತೋರಿಸುವ ಡೆಮೊ ನಿಜವೇ. ಆದರೆ ಅಲ್ಲಿ ಬ್ರಷ್ ಅನ್ನು ಒತ್ತುವುದು ಎಷ್ಟು ಹಗುರವಾಗಿ ಎಂಬುದನ್ನು ನೋಡಿ.

ಸೆರಾಮಿಕ್ ಕೋಟಿಂಗ್, ವಿನೈಲ್ ರ‍್ಯಾಪ್ ಎರಡೂ ಬೇರೆ

ಈ ಮೂರನ್ನೂ ಒಂದೇ ಎಂದುಕೊಳ್ಳುವವರು ಹೆಚ್ಚು. ಸೆರಾಮಿಕ್ ಕೋಟಿಂಗ್ ಎಂದರೆ ಸಿಲಿಕಾ ಆಧಾರಿತ ದ್ರವ. ಬಣ್ಣದ ಮೇಲೆ ಹಚ್ಚಿದರೆ ಒಣಗಿ ಕೆಲವೇ ಮೈಕ್ರಾನ್ ದಪ್ಪದ ಪದರವಾಗುತ್ತದೆ. ನೀರು ಮುತ್ತಿನಂತೆ ಉರುಳುತ್ತದೆ, ಹೊಳಪು ಹೆಚ್ಚುತ್ತದೆ, ತೊಳೆಯುವುದು ಸುಲಭ. ಆದರೆ ಅಷ್ಟು ತೆಳು ಪದರಕ್ಕೆ ಕಲ್ಲೇಟು ತಡೆಯುವ ಶಕ್ತಿಯಿಲ್ಲ. ಜಾಹೀರಾತಿನಲ್ಲಿ ಬರುವ '9ಎಚ್ ಗಡಸುತನ' ಎಂಬುದು ಪೆನ್ಸಿಲ್‌ನಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ. ಅದನ್ನು ವಜ್ರದ ಗಡಸುತನದ ಅಳತೆಯ ಜೊತೆ ಹೋಲಿಸುವಂತಿಲ್ಲ.

ವಿನೈಲ್ ರ‍್ಯಾಪ್ ಕಾರಿನ ಬಣ್ಣ ಅಥವಾ ನೋಟ ಬದಲಿಸಲು ಬಳಸುವಂಥದ್ದು. ಅದು ಪಿಪಿಎಫ್‌ಗಿಂತ ತೆಳು, ರಕ್ಷಣೆಯೂ ಕಡಿಮೆ.

ಹೆಸರು ಒಂದೇ, ಮಾಲು ಬೇರೆ: ಮೋಸ ಹೋಗುವುದು ಇಲ್ಲೇ

'ಪಿಪಿಎಫ್' ಎಂಬ ಹೆಸರಿನಲ್ಲಿ ಮೂರು ಬಗೆಯ ಮಾಲು ಮಾರಾಟವಾಗುತ್ತದೆ.

1. ಟಿಪಿಯು: ಇದೇ ಅಸಲಿ. ಇದರಲ್ಲೂ ಎರಡು ಬಗೆ. ಅಲಿಫ್ಯಾಟಿಕ್ ಟಿಪಿಯು ಬಿಸಿಲಿಗೆ ಬೇಗ ಹಳದಿಯಾಗುವುದಿಲ್ಲ. ಅಗ್ಗದ ಅರೋಮ್ಯಾಟಿಕ್ ಟಿಪಿಯು ಬೇಗ ಹಳದಿಯಾಗುತ್ತದೆ.
2. ಟಿಪಿಎಚ್: ಹೆಸರು ಟಿಪಿಯು ಥರವೇ ಕೇಳಿಸುತ್ತದೆ. ಆದರೆ ಇದು ಮೆದುಗೊಳಿಸಿದ ಪಿವಿಸಿ ಬಗೆಯದು. ಹೊಸದರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಲ ಕಳೆದಂತೆ ಗಡುಸಾಗುತ್ತದೆ.
3. ಪಿವಿಸಿ: ಎಲ್ಲಕ್ಕಿಂತ ಅಗ್ಗ. ಬಿಸಿಲಿಗೆ ಹಳದಿಯಾಗಿ, ಬಿರುಕು ಬಿಟ್ಟು, ತೆಗೆಯುವಾಗ ಚೂರು ಚೂರಾಗಿ ಕಿತ್ತು ಬಂದು ಅಂಟು ಬಣ್ಣದ ಮೇಲೇ ಉಳಿಯುವ ಅಪಾಯ ಹೆಚ್ಚು.

ದೆಹಲಿಯ ಮೇ ತಿಂಗಳ ಬಿಸಿಲು, ಚೆನ್ನೈನ ಸೆಕೆಯಲ್ಲಿ ರಸ್ತೆ ಬದಿಯೇ ಪಾರ್ಕಿಂಗ್ ಆಗಿದ್ದರೆ ಈ ವ್ಯತ್ಯಾಸ ಬೇಗ ಕಾಣುತ್ತದೆ. ಬಿಳಿ ಕಾರಿನಲ್ಲಿ ಹಳದಿ ಇನ್ನೂ ಎದ್ದು ಕಾಣುತ್ತದೆ. ಬೆಲೆ ತೀರಾ ಕಡಿಮೆ ಹೇಳಿದರೆ 'ಟಿಪಿಯು' ಎಂಬ ಪದ ಬಿಲ್‌ನಲ್ಲಿ ಬರುತ್ತದಾ ಎಂದು ಕೇಳಿ. ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಹಾಕುವ ಕೈ ಮುಖ್ಯ

ಒಳ್ಳೆಯ ಫಿಲ್ಮ್ ಕೂಡ ಕೆಟ್ಟ ಕೈಗೆ ಸಿಕ್ಕರೆ ಹಾಳು. ಮೊದಲು ಕಾರನ್ನು ತೊಳೆದು, ಬಣ್ಣಕ್ಕೆ ಅಂಟಿಕೊಂಡ ಕೊಳೆಯನ್ನು ಕ್ಲೇ ಬಾರ್‌ನಿಂದ ತೆಗೆದು, ಗೀರುಗಳಿದ್ದರೆ ಪಾಲಿಶ್ ಮಾಡಬೇಕು. ಯಾಕೆಂದರೆ ಫಿಲ್ಮ್ ಕೆಳಗೆ ಉಳಿದ ಗೀರು, ಧೂಳಿನ ಕಣ ವರ್ಷಗಟ್ಟಲೆ ಹಾಗೇ ಇರುತ್ತದೆ. ಆಮೇಲೆ ಶಾಂಪೂ ಬೆರೆಸಿದ ನೀರು ಸಿಂಪಡಿಸಿ, ಫಿಲ್ಮ್ ಹಾಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಹೊರಕ್ಕೆ ತಳ್ಳುತ್ತಾರೆ. ಧೂಳಿಲ್ಲದ ಮುಚ್ಚಿದ ಕೋಣೆ ಬೇಕು. ಇಡೀ ಕಾರಿಗೆ ಎರಡು ಮೂರು ದಿನ ಬೇಕಾಗುವುದು ಸಾಮಾನ್ಯ. 'ಸಂಜೆ ಒಳಗೆ ಮುಗಿಸಿಕೊಡ್ತೀವಿ' ಎಂದರೆ ಅನುಮಾನಿಸಿ.

ಫಿಲ್ಮ್ ಕತ್ತರಿಸುವುದರಲ್ಲೂ ಎರಡು ವಿಧಾನ. ಕಾರಿನ ಮಾಡೆಲ್ ಅಳತೆಗೆ ಕಂಪ್ಯೂಟರ್ ಮೂಲಕ ಯಂತ್ರದಲ್ಲಿ ಮೊದಲೇ ಕತ್ತರಿಸಿ ತರುವುದು ಒಂದು. ಕಾರಿನ ಮೇಲೆ ಹಾಸಿ ಬ್ಲೇಡ್‌ನಿಂದ ಕತ್ತರಿಸುವುದು ಇನ್ನೊಂದು. ಎರಡನೆಯದರಲ್ಲಿ ಕೈ ತಪ್ಪಿದರೆ ಬ್ಲೇಡ್ ಗೆರೆ ಬಣ್ಣದ ಮೇಲೇ ಬೀಳುತ್ತದೆ. ಫಿಲ್ಮ್ ತೆಗೆದಾಗಲೇ ಅದು ಗೊತ್ತಾಗುವುದು!

ಹೊಸದಾಗಿ ಹಾಕಿಸಿದಾಗ ಕಾಣುವ ಸಣ್ಣ ನೀರಿನ ಗುಳ್ಳೆಗಳು ಕೆಲವು ದಿನಗಳಲ್ಲಿ ಒಣಗುತ್ತವೆ. ಒಳಗೆ ಕಣ ಸಿಕ್ಕಿಕೊಂಡು ಆದ ಗುಳ್ಳೆ ಹೋಗುವುದಿಲ್ಲ. ಡೆಲಿವರಿ ತೆಗೆದುಕೊಳ್ಳುವಾಗ ಹಗಲು ಬೆಳಕಿನಲ್ಲಿ ಅಂಚುಗಳನ್ನೆಲ್ಲ ನೋಡಿ.

ರೀಪೇಂಟ್ ಆದ ಭಾಗವಿದ್ದರೆ ಮೊದಲೇ ಹೇಳಿ. ಹೊಸ ಬಣ್ಣ ಪೂರ್ತಿ ಒಣಗಲು ಕೆಲವು ವಾರ ಕಾಯಬೇಕು. ಗ್ಯಾರೇಜಿನ ಬಣ್ಣ ಸರಿಯಾಗಿ ಹಿಡಿದಿಲ್ಲದಿದ್ದರೆ ಮುಂದೆ ಫಿಲ್ಮ್ ತೆಗೆಯುವಾಗ ಬಣ್ಣವೂ ಜೊತೆಗೇ ಬರಬಹುದು.

75 ಸಾವಿರ ಲೋನ್‌ಗೆ ಸೇರಿಸಿದರೆ ಏನಾಗುತ್ತೆ?

ಇಡೀ ಕಾರಿಗೆ ಟಿಪಿಯು ಫಿಲ್ಮ್ ಹಾಕಿಸಲು ಕಾರಿನ ಗಾತ್ರ, ಬ್ರ್ಯಾಂಡ್, ಊರು ನೋಡಿಕೊಂಡು ಸುಮಾರು 50-60 ಸಾವಿರದಿಂದ 2 ಲಕ್ಷ ರೂಪಾಯಿವರೆಗೂ ಕೇಳುತ್ತಾರೆ. ಕಾಕಾಗೆ ಹೇಳಿದ್ದು 75 ಸಾವಿರ, 5 ವರ್ಷದ ವಾರಂಟಿ.

'ತಿಂಗಳಿಗೆ ಸಾವಿರ ಚಿಲ್ಲರೆ' ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. 75 ಸಾವಿರ ರೂಪಾಯಿಯನ್ನು 9% ಬಡ್ಡಿಗೆ, 7 ವರ್ಷದ ಕಾರ್ ಲೋನ್‌ಗೆ ಸೇರಿಸಿದರೆ ಇಎಂಐ ಸುಮಾರು 1,207 ರೂ. ಹೆಚ್ಚುತ್ತದೆ. 84 ಕಂತು ಮುಗಿಯುವಷ್ಟರಲ್ಲಿ ಕಟ್ಟಿದ್ದು ಒಟ್ಟು 1.01 ಲಕ್ಷ ರೂ. ಬಡ್ಡಿಯೇ 26 ಸಾವಿರ. ಫಿಲ್ಮ್‌ನ ವಾರಂಟಿ 5 ವರ್ಷಕ್ಕೆ ಮುಗಿದರೂ ಅದರ ಕಂತು ಇನ್ನೂ ಎರಡು ವರ್ಷ ನಡೆಯುತ್ತದೆ! ಹಾಕಿಸುವುದೇ ಆದರೆ ಕೈಯಲ್ಲಿರುವ ದುಡ್ಡಿನಲ್ಲಿ ಹಾಕಿಸಿ. ಲೋನ್‌ಗೆ ಸೇರಿಸುವುದು ಜಾಣತನವಲ್ಲ.

ಇನ್ನೊಂದು ಕಡೆಯೂ ನೋಡಬೇಕು. ಗೀರಿಗೆಲ್ಲ ವಿಮೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಸತತ ಐದು ವರ್ಷಕ್ಕೆ 50% ಎಂದು ಸ್ವಂತ ಹಾನಿ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತದೆ. ಸಣ್ಣ ಗೀರುಗಳಿಂದ ಕಾರು ಉಳಿದರೆ ಆ ರಿಯಾಯಿತಿಯೂ ಉಳಿಯುತ್ತದೆ. ಆದರೆ ಪಿಪಿಎಫ್‌ಗೆ ಕೊಟ್ಟ ದುಡ್ಡು ಕಾರು ಮಾರುವಾಗ ಪೂರ್ತಿ ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಬೇಡಿ.

ವಾರಂಟಿ ಯಾರದ್ದು? ವಿಮೆ ಸಿಗುತ್ತಾ?

ವಾರಂಟಿ ಸಾಮಾನ್ಯವಾಗಿ ಫಿಲ್ಮ್ ಹಳದಿಯಾಗುವುದು, ಬಿರುಕು ಬಿಡುವುದು, ಗುಳ್ಳೆ ಏಳುವುದು, ತಾನಾಗಿ ಕಿತ್ತು ಬರುವುದಕ್ಕೆ ಮಾತ್ರ. ಕಲ್ಲೇಟಿಗೆ ಹರಿದರೆ, ಅಪಘಾತವಾದರೆ ಅನ್ವಯಿಸುವುದಿಲ್ಲ. ಮುಖ್ಯವಾಗಿ ವಾರಂಟಿ ಕೊಡುವವರು ಫಿಲ್ಮ್ ತಯಾರಿಸಿದ ಕಂಪನಿಯೋ, ಹಾಕಿದ ಅಂಗಡಿಯೋ ಎಂದು ಕೇಳಿ. ಅಂಗಡಿಯದ್ದಾದರೆ ಅಂಗಡಿ ಮುಚ್ಚಿದ ದಿನ ವಾರಂಟಿಯೂ ಮುಚ್ಚಿತು. ಕೆಲಸದ ಮೇಲೆ ಊರೂರು ಬದಲಿಸುವವರು ಬೇರೆ ಊರಿನಲ್ಲೂ ವಾರಂಟಿ ನಡೆಯುತ್ತದಾ ಎಂದು ಬರಹದಲ್ಲಿ ಪಡೆಯಬೇಕು.

ಇನ್ನು ವಿಮೆ. ಕಂಪನಿಯಿಂದ ಬಂದ ಮೇಲೆ ನಾವು ಹಾಕಿಸಿದ ಆಕ್ಸೆಸರಿಗಳನ್ನು ಪ್ರತ್ಯೇಕವಾಗಿ ಘೋಷಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಮಾತ್ರ ಅವುಗಳಿಗೆ ವಿಮೆ. ಇಲ್ಲದಿದ್ದರೆ ಅಪಘಾತದಲ್ಲಿ ಬಂಪರ್ ಬದಲಿಸಿದಾಗ ಬಂಪರ್‌ಗೆ ದುಡ್ಡು ಸಿಗಬಹುದು, ಅದರ ಮೇಲಿದ್ದ ಫಿಲ್ಮ್‌ಗೆ ಸಿಗುವುದಿಲ್ಲ. ಬಿಲ್ ಇಟ್ಟುಕೊಂಡು ವಿಮಾ ಕಂಪನಿಯನ್ನು ಮೊದಲೇ ಕೇಳಿ.

ಪೊಲೀಸರು ಹಿಡಿಯುತ್ತಾರಾ?

ಪಾರದರ್ಶಕ ಪಿಪಿಎಫ್‌ನಿಂದ ಕಾರಿನ ಬಣ್ಣ ಬದಲಾಗುವುದಿಲ್ಲ. ಹಾಗಾಗಿ ಆತಂಕ ಬೇಡ. ಆದರೆ ಈಗ ಬಣ್ಣದ ಪಿಪಿಎಫ್ ಕೂಡ ಬಂದಿದೆ. ಆರ್‌ಸಿಯಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ. ಬಣ್ಣವೇ ಬೇರೆಯಾಗುವಂತಿದ್ದರೆ ಮೊದಲು ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿ ತಿದ್ದುಪಡಿ ಮಾಡಿಸಬೇಕು. ಹೆಡ್‌ಲೈಟ್, ಟೇಲ್ ಲೈಟ್ ಮೇಲೆ ಕಪ್ಪು ಛಾಯೆಯ ಫಿಲ್ಮ್ ಹಾಕಿಸಬೇಡಿ.

ಕಿಟಕಿ ಗಾಜಿನ ಫಿಲ್ಮ್ ಬೇರೆಯದೇ ವಿಷಯ. ಕಪ್ಪು ಫಿಲ್ಮ್ ವಿರುದ್ಧ ಸುಪ್ರೀಂ ಕೋರ್ಟ್ 2012ರಲ್ಲೇ ಆದೇಶ ನೀಡಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ ಕನಿಷ್ಠ 50% ಬೆಳಕು ಹಾಯಬೇಕು. 'ಪಿಪಿಎಫ್ ಜೊತೆ ಗಾಜಿಗೂ ಫ್ರೀ' ಎಂಬ ಆಫರ್ ಬಂದರೆ ಇದು ನೆನಪಿರಲಿ.

ಯಾರಿಗೆ ಬೇಕು, ಯಾರಿಗೆ ಬೇಡ?

ಹಾಕಿಸಿದರೆ ಉಪಯೋಗ: ಪುಣೆ-ಕೊಲ್ಹಾಪುರ-ಬೆಳಗಾವಿ ಹೆದ್ದಾರಿಯಲ್ಲಿ, ಹೈದರಾಬಾದ್-ಬೆಂಗಳೂರು ದಾರಿಯಲ್ಲಿ ಆಗಾಗ ಊರಿಗೆ ಓಡಾಡುವವರು. ದುಬಾರಿ ಅಥವಾ ಗಾಢ ಬಣ್ಣದ ಕಾರು ಇರುವವರು. ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ ಇರುವವರು.

ಬೇಡವೇ ಬೇಡ: ಎರಡು ಮೂರು ವರ್ಷಕ್ಕೆ ಕಾರು ಬದಲಿಸುವವರು. ಊರೊಳಗೇ ಓಡಿಸುವವರು. ಆಗಲೇ ಗೀರು, ಡೆಂಟ್ ತುಂಬಿದ ಹಳೆ ಕಾರು ಇರುವವರು. ಇದಕ್ಕಾಗಿ ಸಾಲ ಮಾಡಬೇಕಾದವರು.

ನಡುವಿನ ದಾರಿ: ಇಡೀ ಕಾರಿಗೆ ಬೇಕಿಲ್ಲ. ಕಲ್ಲೇಟು ಬೀಳುವುದು ಹೆಚ್ಚಾಗಿ ಮುಂಭಾಗಕ್ಕೆ. ಬಾನೆಟ್, ಮುಂದಿನ ಬಂಪರ್, ಹೆಡ್‌ಲೈಟ್, ಪಕ್ಕದ ಕನ್ನಡಿ, ಬಾಗಿಲಿನ ಅಂಚು, ಹಿಡಿಯ ಹಿಂದಿನ ಗುಳಿ, ಲಗೇಜ್ ಇಳಿಸುವಾಗ ಉಜ್ಜುವ ಹಿಂದಿನ ಬಂಪರ್‌ನ ಮೇಲ್ಭಾಗ. ಇಷ್ಟಕ್ಕೇ ಹಾಕಿಸಿದರೆ ಖರ್ಚು ಬಹಳ ಕಡಿಮೆ, ಪ್ರಯೋಜನ ಬಹುಪಾಲು ಸಿಗುತ್ತದೆ.

ಹಾಕಿಸಿದರೂ, ಹಾಕಿಸದಿದ್ದರೂ ಇಷ್ಟು ಮಾಡಿ

ಬಣ್ಣದ ದೊಡ್ಡ ಶತ್ರು ಹೆದ್ದಾರಿಯಲ್ಲಿ ಮಾತ್ರ ಇಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಇದೆ. ದಿನಾ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುವಾಗ ಬಟ್ಟೆಯಲ್ಲಿನ ಧೂಳೇ ಮರಳು ಕಾಗದದಂತೆ ಉಜ್ಜುತ್ತದೆ. ಕಾರು ತೊಳೆಯುವ ಹುಡುಗನಿಗೆ ನಿಮ್ಮದೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಡಿ. ಮೊದಲು ನೀರು ಹಾಕಿ ಧೂಳು ಇಳಿಸಿ, ಆಮೇಲೆ ಒರೆಸಲು ಹೇಳಿ. ನೀರಿಲ್ಲದ ದಿನ ಒರೆಸದಿದ್ದರೂ ನಡೆಯುತ್ತದೆ. ಧೂಳು ಹಿಡಿದ ಕಾರಿಗೆ ಕವರ್ ಎಳೆಯಬೇಡಿ, ಅದೂ ಗೀರು ಮಾಡುತ್ತದೆ. ಹಕ್ಕಿ ಹಿಕ್ಕೆ ಕಂಡ ದಿನವೇ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆಯಿರಿ.

ಪಿಪಿಎಫ್ ಹಾಕಿಸಿದ ಮೇಲೆ ಸುಮಾರು ಒಂದು ವಾರ ತೊಳೆಯಬೇಡಿ. ಪ್ರೆಶರ್ ವಾಷರ್‌ನ ನೀರನ್ನು ಅಂಚಿನ ಹತ್ತಿರ ಹಿಡಿಯಬೇಡಿ, ಫಿಲ್ಮ್ ಏಳುತ್ತದೆ. ಪಾತ್ರೆ ತೊಳೆಯುವ ಸೋಪು ಬೇಡ, ಕಾರ್ ಶಾಂಪೂ ಬಳಸಿ.

ಅಂಗಡಿಯಲ್ಲಿ ಕೇಳಬೇಕಾದ 7 ಪ್ರಶ್ನೆ

1. ಫಿಲ್ಮ್ ಟಿಪಿಯು ಹೌದಾ? ಬ್ರ್ಯಾಂಡ್, ಮಾಡೆಲ್, ದಪ್ಪ ಬಿಲ್‌ನಲ್ಲಿ ಬರೆಯುತ್ತೀರಾ?
2. ರೋಲ್ ಅಥವಾ ಸೀರಿಯಲ್ ನಂಬರ್ ತೋರಿಸುತ್ತೀರಾ? ವಾರಂಟಿಯಲ್ಲಿ ಅದೇ ನಂಬರ್ ಬರುತ್ತದಾ?
3. ವಾರಂಟಿ ಕಂಪನಿಯದ್ದಾ, ಅಂಗಡಿಯದ್ದಾ?
4. ಯಾವ ಯಾವ ಭಾಗಕ್ಕೆ ಹಾಕುತ್ತೀರಿ? ಅಂಚು ಒಳಗೆ ಮಡಚುತ್ತೀರಾ?
5. ಯಂತ್ರದಲ್ಲಿ ಕತ್ತರಿಸುತ್ತೀರಾ, ಕಾರಿನ ಮೇಲಾ?
6. ಪಾರ್ಕಿಂಗ್ ಸೆನ್ಸರ್, ರಡಾರ್ ಇರುವ ಕಡೆ ಏನು ಮಾಡುತ್ತೀರಿ?
7. ಮುಂದೆ ಒಂದು ಭಾಗ ಮಾತ್ರ ಬದಲಿಸಲು, ಪೂರ್ತಿ ತೆಗೆಯಲು ಎಷ್ಟು?

ಈ ಪ್ರಶ್ನೆಗಳನ್ನು ಕಾಕಾಗೆ ವಾಟ್ಸ್‌ಆ್ಯಪ್ ಮಾಡಿದ್ದೆ. ಶೋರೂಮಿನಲ್ಲಿ ಮೊದಲ ಪ್ರಶ್ನೆಗೇ 'ಕೇಳಿ ಹೇಳ್ತೀವಿ ಸರ್' ಎಂದರಂತೆ. ಡೆಲಿವರಿ ದಿನದವರೆಗೂ ಉತ್ತರ ಬರಲಿಲ್ಲ. ಕಾಕಾ ಪಿಪಿಎಫ್ ಇಲ್ಲದೆಯೇ ಕಾರು ತಂದರು. ಎರಡು ವಾರ ಬಿಟ್ಟು ಬೇರೆ ಕಡೆ ವಿಚಾರಿಸಿ, ಬಾನೆಟ್, ಬಂಪರ್, ಕನ್ನಡಿ, ಬಾಗಿಲ ಅಂಚುಗಳಿಗೆ ಮಾತ್ರ ಕೈಯಿಂದಲೇ ದುಡ್ಡು ಕೊಟ್ಟು ಹಾಕಿಸಿದರು. ಲೋನ್ ಮೊತ್ತ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಈ ಸಲ ದಸರಾಕ್ಕೆ ಅದೇ ಕಾರಿನಲ್ಲಿ ಧಾರವಾಡಕ್ಕೆ ಬರುತ್ತಾರಂತೆ.